ಗೆಡ್ಡೆಯೊಳಗಿನ ನಾಲ್ಕು ಉಂಗುರ



ಗೌರಿ ಹಬ್ಬ ಹತ್ತಿರ ಬಂದಾಗ, ಮನೆಯಲ್ಲಿ ಮದುವೆಯೋ ಗೃಹಪ್ರವೇಶವೋ ಇದ್ದಾಗ, ಹೆಂಗಸರು ಔಷಧಿ ಅಂಗಡಿಗೆ ಬಂದು ಸ್ವಲ್ಪ ದನಿ ತಗ್ಗಿಸಿ ಕೇಳುವ ಒಂದು ಮಾತ್ರೆ ಇದೆ. ಮುಟ್ಟು ಮುಂದಕ್ಕೆ ಹೋಗುವ ಮಾತ್ರೆ ಕೊಡಿ ಅಂತಲೇ ಕೇಳುತ್ತಾರೆ. ಹಬ್ಬಕ್ಕಾಗಿ ಮೈಯ ಲೆಕ್ಕವನ್ನು ಹೀಗೆ ಬದಲಿಸಬೇಕೇ ಎಂಬ ಚರ್ಚೆಗೆ ನಾನು ಇವತ್ತು ಹೋಗುವುದಿಲ್ಲ. ವೈದ್ಯರನ್ನು ಕೇಳದೆ ನುಂಗಬೇಡಿ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ. ಆ ಮಾತ್ರೆಯೊಳಗಿನ ಔಷಧದ ಹೆಸರು ನೊರೆಥಿಸ್ಟೆರೋನ್. ಉಬ್ಬಸದವರು ಬಾಯಿಗೆ ಹಿಡಿದು ಎಳೆದುಕೊಳ್ಳುವ ಇನ್‌ಹೇಲರ್ ಇದೆಯಲ್ಲ, ಅದರಲ್ಲಿರುವ ಬುಡೆಸೊನೈಡ್, ಕೀಲುವಾತಕ್ಕೆ ಕೊಡುವ ಪ್ರೆಡ್ನಿಸೋಲೋನ್, ಇಸುಬಿಗೆ ಹಚ್ಚುವ ಮುಲಾಮಿನ ಬೀಟಾಮೆಥಸೋನ್, ಇವೆಲ್ಲ ಒಂದೇ ಮನೆತನದವು. ಕೋವಿಡ್ ಕಾಲದಲ್ಲಿ, 2020ರ ಜೂನ್‌ನಲ್ಲಿ, ಬ್ರಿಟನ್ನಿನ ರಿಕವರಿ ಎಂಬ ಪ್ರಯೋಗದಿಂದ ಒಂದು ಸುದ್ದಿ ಬಂತು. ವೆಂಟಿಲೇಟರಿನ ಮೇಲಿದ್ದ ರೋಗಿಗಳಿಗೆ ಡೆಕ್ಸಾಮೆಥಸೋನ್ ಕೊಟ್ಟರೆ ಸಾವು ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗುತ್ತದೆ ಎಂಬ ಸುದ್ದಿ. ಕೆಲವೇ ರೂಪಾಯಿಯ ಹಳೆಯ ಔಷಧ ಅದು. ಅದೂ ಇದೇ ಮನೆತನದ್ದು. ಈ ಮನೆತನಕ್ಕೆ ಸ್ಟೆರಾಯ್ಡ್ ಎಂದು ಹೆಸರು.

ಸ್ಟೆರಾಯ್ಡ್ ಎಂದ ಕೂಡಲೇ ನಮ್ಮ ಜನ ಹುಬ್ಬು ಗಂಟಿಕ್ಕುತ್ತಾರೆ. ಓಟದ ಪಂದ್ಯದಲ್ಲಿ ಕದ್ದು ಚುಚ್ಚಿಸಿಕೊಂಡವರ ಸುದ್ದಿ, ಜಿಮ್ಮಿನಲ್ಲಿ ತೋಳು ಉಬ್ಬಿಸಿಕೊಂಡವರ ಸುದ್ದಿ, ಮುಖ ಬೆಳ್ಳಗಾಗಲಿ ಎಂದು ಮುಲಾಮು ಹಚ್ಚಿ ಚರ್ಮ ಕೆಡಿಸಿಕೊಂಡವರ ಸುದ್ದಿ, ಎಲ್ಲವೂ ಆ ಒಂದು ಹೆಸರಿಗೆ ಅಂಟಿಕೊಂಡಿವೆ. ಆದರೆ ರಸಾಯನಶಾಸ್ತ್ರದಲ್ಲಿ ಸ್ಟೆರಾಯ್ಡ್ ಎಂದರೆ ಬರೀ ಒಂದು ಆಕಾರ. ಇಂಗಾಲದ 17 ಪರಮಾಣುಗಳು ಸೇರಿ ಕಟ್ಟಿದ ನಾಲ್ಕು ಉಂಗುರಗಳು. ಮೂರಕ್ಕೆ ಆರಾರು ಮೂಲೆ, ನಾಲ್ಕನೆಯದಕ್ಕೆ ಐದು. ಪಕ್ಕಪಕ್ಕದ ಉಂಗುರಗಳಿಗೆ ಒಂದೊಂದು ಬದಿ ಸಮಾನ. ನಮ್ಮ ರಕ್ತದಲ್ಲಿರುವ ಕೊಲೆಸ್ಟರಾಲ್ ಸ್ಟೆರಾಯ್ಡೇ. ಗಂಡಸಿಗೆ ಗಡ್ಡ ಮೂಡಿಸುವುದೂ ಸ್ಟೆರಾಯ್ಡ್, ಗರ್ಭ ನಿಲ್ಲುವಂತೆ ನೋಡಿಕೊಳ್ಳುವ ಪ್ರೊಜೆಸ್ಟೆರೋನ್ ಕೂಡ ಸ್ಟೆರಾಯ್ಡ್. ಚೌಕಟ್ಟು ಒಂದೇ, ಅಂಚಿನಲ್ಲಿ ಅಲ್ಲೊಂದು ಆಮ್ಲಜನಕ, ಇಲ್ಲೊಂದು ಇಂಗಾಲದ ಬಾಲ, ಅಷ್ಟೇ ವ್ಯತ್ಯಾಸ. ಅಷ್ಟರಲ್ಲೇ ಒಂದು ಗಂಡು ಹಾರ್ಮೋನು, ಇನ್ನೊಂದು ಹೆಣ್ಣು ಹಾರ್ಮೋನು ಆಗಿಬಿಡುತ್ತದೆ.

1930ರ ದಶಕದಲ್ಲಿ ಈ ಹಾರ್ಮೋನುಗಳ ಗುರುತು ಒಂದೊಂದಾಗಿ ಹತ್ತಿತು. ಗುರುತು ಹತ್ತಿದ ಮೇಲೆ ಔಷಧವಾಗಿ ಕೊಡಬೇಕಲ್ಲ, ಎಲ್ಲಿಂದ ತರುವುದು? ಜರ್ಮನಿಯ ಅಡಾಲ್ಫ್ ಬುಟೆನಾಂಟ್ 1934ರಲ್ಲಿ ಪ್ರೊಜೆಸ್ಟೆರೋನನ್ನು ಶುದ್ಧ ಹರಳಾಗಿ ಬೇರ್ಪಡಿಸಿದಾಗ, ಅವರಿಗೆ ಬೇಕಾದದ್ದು 50,000 ಹೆಣ್ಣು ಹಂದಿಗಳ ಅಂಡಾಶಯ, ತೂಕದಲ್ಲಿ 600 ಕಿಲೋಗೂ ಮೇಲೆ. ಸಿಕ್ಕಿದ್ದು 20 ಮಿಲಿಗ್ರಾಂ. ಒಂದು ಚಿಟಿಕೆಗೂ ಸಾಲದು. ಅದಕ್ಕೆ ಮೂರು ವರ್ಷ ಮೊದಲು ಅದೇ ಬುಟೆನಾಂಟ್ ಗಂಡು ಹಾರ್ಮೋನೊಂದರ 15 ಮಿಲಿಗ್ರಾಂಗಾಗಿ 15,000 ಲೀಟರ್ ಮೂತ್ರವನ್ನು ಭಟ್ಟಿಗಿಳಿಸಿದ್ದರು. ಆ ಮೂತ್ರ ಪೊಲೀಸರದ್ದು, ಪೊಲೀಸ್ ವಸತಿಗಳಿಂದ ಸಂಗ್ರಹಿಸಿದ್ದು. ಪದೇಪದೇ ಗರ್ಭ ಇಳಿದುಹೋಗುವ ಹೆಂಗಸರಿಗೆ ಪ್ರೊಜೆಸ್ಟೆರೋನ್ ಕೊಟ್ಟು ನೋಡಬೇಕೆಂದು ವೈದ್ಯರು ಬಯಸುತ್ತಿದ್ದರು. ಆದರೆ 1940ರ ಸುಮಾರಿಗೆ ಅದರ ಬೆಲೆ ಗ್ರಾಂಗೆ 80 ಡಾಲರ್. ಶ್ರೀಮಂತರ ಪಂದ್ಯದ ಕುದುರೆಗಳಿಗೆ ಕೊಡಿಸುವವರೂ ಇದ್ದರಂತೆ. ಬಡ ಬಸುರಿಯ ಮಾತು ಬೇರೆ.

ಹೀಗಿರುವಾಗ ಗಿಡಗಳ ಕಡೆ ನೋಡಿದವರು ರಸೆಲ್ ಮಾರ್ಕರ್. ಹುಟ್ಟಿದ್ದು 1902ರಲ್ಲಿ, ಅಮೆರಿಕದ ಮೇರಿಲ್ಯಾಂಡಿನಲ್ಲಿ. ಮಹಾ ಹಟವಾದಿ. ಸಂಶೋಧನೆಯ ಕೆಲಸವನ್ನೆಲ್ಲ ಮುಗಿಸಿಟ್ಟಿದ್ದರೂ, ಇನ್ನೊಂದು ವಿಷಯದ ತರಗತಿಗೆ ಕೂತು ಬಾ ಎಂದು ವಿಶ್ವವಿದ್ಯಾಲಯ ಹೇಳಿದ್ದಕ್ಕೆ, ಅದು ನನಗೆ ಗೊತ್ತಿರುವುದೇ, ಕೂರುವುದಿಲ್ಲ ಎಂದು ಡಾಕ್ಟರೇಟನ್ನೇ ಬಿಟ್ಟು ಹೊರಟವರು. ಆಮೇಲೆ ಪೆಟ್ರೋಲಿನ ಗುಣಮಟ್ಟ ಅಳೆಯುವ ಆಕ್ಟೇನ್ ಸಂಖ್ಯೆಯ ಪದ್ಧತಿಯಲ್ಲಿ ಅವರದೊಂದು ಕೈ. ಇವತ್ತು ಬಂಕಿನಲ್ಲಿ 91, 95 ಎಂದು ಕಾಣುವ ಅಂಕಿಗಳ ಹಿಂದೆ ಈ ಮನುಷ್ಯ ಇದ್ದಾರೆ. ಅಲ್ಲಿಂದ ರಾಕ್‌ಫೆಲರ್ ಸಂಸ್ಥೆ, ಅಲ್ಲೂ ಮೇಲಿನವರೊಡನೆ ಜಗಳ, ಕೊನೆಗೆ 1935ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಕಾಲೇಜಿಗೆ ಬಂದು ಸ್ಟೆರಾಯ್ಡಿಗೆ ಕೈಹಾಕಿದರು.

ಗಿಡಗಳಲ್ಲಿ ನೊರೆ ಬರಿಸುವ ವಸ್ತುಗಳಿರುವುದು ನಮಗೆ ಹೊಸತಲ್ಲ. ಸೀಗೆಕಾಯಿ, ಅಂಟುವಾಳದಿಂದ ತಲೆ ತೊಳೆದವರು ನಾವು. ಇವಕ್ಕೆ ಸ್ಯಾಪೋನಿನ್ ಎನ್ನುತ್ತಾರೆ. ಅಂಟುವಾಳದ ಸ್ಯಾಪೋನಿನ್ ಬೇರೆ ಜಾತಿಯದು, ಅದರಿಂದ ಹಾರ್ಮೋನು ಮಾಡಲು ಆಗದು. ಆದರೆ ಕೆಲವು ಕಾಡುಗೆಣಸುಗಳು, ಭೂತಾಳೆ ಜಾತಿಯ ಗಿಡಗಳು, ಸರ್ಸಪರಿಲ್ಲಾ ಬೇರುಗಳಲ್ಲಿರುವ ಸ್ಯಾಪೋನಿನ್‌ನಿಂದ ಸಕ್ಕರೆಯ ಭಾಗವನ್ನು ಆಮ್ಲದಲ್ಲಿ ಕುದಿಸಿ ತೆಗೆದುಹಾಕಿದರೆ ಒಳಗೆ ಅದೇ ನಾಲ್ಕು ಉಂಗುರಗಳ ಚೌಕಟ್ಟು ಸಿಗುತ್ತದೆ. ಜಪಾನಿನವರು 1936ರಲ್ಲಿ ಅಲ್ಲಿನ ಒಂದು ಕಾಡುಗೆಣಸಿನಲ್ಲಿ ಕಂಡುಕೊಂಡ ಅಂಥ ವಸ್ತು ಡಯಾಸ್ಜೆನಿನ್. ಇದರಲ್ಲಿ ಇಂಗಾಲದ ಪರಮಾಣು 27, ಪ್ರೊಜೆಸ್ಟೆರೋನಿನಲ್ಲಿ 21. ಹೆಚ್ಚಿನ ಪರಮಾಣುಗಳೆಲ್ಲ ಇರುವುದು ಒಂದು ಕಡೆ ಅಂಟಿಕೊಂಡ ಬಾಲದಲ್ಲಿ. ಆ ಬಾಲ ಅಲ್ಲಾಡದಂಥದ್ದು, ಅದನ್ನು ಕಡಿಯಲಾಗದು ಎಂದು ಆಗಿನ ಪಂಡಿತರು ನಂಬಿದ್ದರು. ಮಾರ್ಕರ್ ನಂಬಲಿಲ್ಲ. ನಾಲ್ಕು ಉಂಗುರಗಳನ್ನು ಪ್ರಯೋಗಶಾಲೆಯಲ್ಲಿ ಮೊದಲಿನಿಂದ ಕಟ್ಟುವುದು ಮನೆ ಕಟ್ಟಿದಂತೆ. ಬಾಲ ತೆಗೆಯುವುದು ಕಟ್ಟಿದ ಮನೆಯ ಬೇಡದ ಜಗಲಿ ಕೆಡವಿದಂತೆ. ಮನೆಯನ್ನು ಗಿಡವೇ ಕಟ್ಟಿಟ್ಟಿದೆ. ವಿನೆಗರಿನ ಆಮ್ಲಕ್ಕೆ ಹತ್ತಿರದ ನೆಂಟನಾದ ಅಸಿಟಿಕ್ ಅನ್‌ಹೈಡ್ರೈಡಿನಲ್ಲಿ ಹೆಚ್ಚು ಶಾಖ ಕೊಟ್ಟರೆ ಬಾಲದ ಬಳೆ ಬಿಚ್ಚಿಕೊಳ್ಳುತ್ತದೆ, ಕ್ರೋಮಿಕ್ ಆಮ್ಲ ಹಾಕಿದರೆ ತುಂಡಾಗುತ್ತದೆ, ಇನ್ನೊಂದು ಹೆಜ್ಜೆಯಲ್ಲಿ ಕಳಚಿ ಬೀಳುತ್ತದೆ. ಉಳಿದದ್ದನ್ನು ಸ್ವಲ್ಪ ತಿದ್ದಿದರೆ ಪ್ರೊಜೆಸ್ಟೆರೋನ್. ಈ ದಾರಿಯನ್ನು ರಸಾಯನಶಾಸ್ತ್ರದ ಪುಸ್ತಕಗಳು ಇಂದಿಗೂ ಮಾರ್ಕರ್ ಹೆಸರಿನಿಂದಲೇ ಕರೆಯುತ್ತವೆ.

ಕೈಚಳಕ ಸಿದ್ಧಿಸಿತು, ಇನ್ನು ಬೇಕಾದದ್ದು ದೊಡ್ಡ ಗೆಡ್ಡೆ. ಅಮೆರಿಕದಲ್ಲಿ ಸಿಗುತ್ತಿದ್ದ ಬೇರುಗಳು ಬೆರಳು ಗಾತ್ರದವು. ಮಾರ್ಕರ್ ರಜೆಯಲ್ಲೆಲ್ಲ ಗಿಡ ಹುಡುಕಿಕೊಂಡು ಅಲೆದರು. ಟೆಕ್ಸಾಸಿನಲ್ಲಿ ಒಬ್ಬ ಸಸ್ಯಶಾಸ್ತ್ರಜ್ಞರ ಮನೆಯಲ್ಲಿ ಉಳಿದಿದ್ದಾಗ ಹಳೆಯ ಪುಸ್ತಕವೊಂದರಲ್ಲಿ ಒಂದು ಚಿತ್ರ ಕಂಡಿತು: ಮೆಕ್ಸಿಕೋದ ಒಂದು ಕಾಡುಗೆಣಸು, ನೆಲದ ಮೇಲೆ ಅರ್ಧ ಎದ್ದು ಕೂತ ಭಾರಿ ಗೆಡ್ಡೆ. ಸಿಗುವ ಜಾಗವನ್ನೂ ಬರೆದಿತ್ತು. ವೆರಾಕ್ರೂಸ್ ಪ್ರಾಂತದಲ್ಲಿ ಒರಿಜಾಬಾ ಊರಿಗೂ ಕೊರ್ಡೊಬಾ ಊರಿಗೂ ನಡುವೆ, ರಸ್ತೆಗೆ ಹಳ್ಳ ಅಡ್ಡ ಬರುವಲ್ಲಿ. 1942ರ ಜನವರಿ. ಅಮೆರಿಕ ಯುದ್ಧಕ್ಕಿಳಿದು ಒಂದು ತಿಂಗಳಾಗಿತ್ತಷ್ಟೇ. ಈ ಹೊತ್ತಿನಲ್ಲಿ ಹಳ್ಳಿಗಾಡಿಗೆ ಹೋಗಬೇಡಿ ಎಂದು ರಾಯಭಾರ ಕಚೇರಿಯವರು ಹೇಳಿದರು. ಯಾರ ಮಾತನ್ನು ಕೇಳಿದ ಮನುಷ್ಯ ಅದು? ಸ್ಪ್ಯಾನಿಷ್ ಬಾರದಿದ್ದರೂ ಬಸ್ಸು ಹತ್ತಿದರು.

ಮುಂದಿನದನ್ನು ಮಾರ್ಕರ್ ತಾವೇ ಆಮೇಲೆ ಹೇಳಿಕೊಂಡಿದ್ದಾರೆ. ಹಳ್ಳದ ಹತ್ತಿರ ಒಂದು ಸಣ್ಣ ಅಂಗಡಿ. ಅಂಗಡಿಯವನಿಗೆ ಇಂಗ್ಲಿಷ್ ಬಾರದು, ಇವರಿಗೆ ಅವನ ಮಾತು ಬಾರದು. ಗೆಡ್ಡೆಯ ಹೆಸರೊಂದನ್ನು ಹೇಳಿದರು. ನಾಳೆ ಬಾ ಎಂದು ಕೈಸನ್ನೆ. ಮರುದಿನ ಬಂದರೆ ಎರಡು ಚೀಲಗಳಲ್ಲಿ ಎರಡು ಗೆಡ್ಡೆ ಸಿದ್ಧ. ಬಸ್ಸಿನ ಮೇಲೆ ಹಾಕಿಸಿಕೊಂಡು ಒರಿಜಾಬಾಕ್ಕೆ ಬಂದು ಇಳಿದು ನೋಡಿದರೆ ಚೀಲಗಳಿಲ್ಲ! ಅಲ್ಲೇ ಇದ್ದ ಪೊಲೀಸಿನವನ ಕೈ ಬಿಸಿ ಮಾಡಿದ ಮೇಲೆ ಒಂದು ಚೀಲ ತಿರುಗಿ ಬಂತು. ಎರಡನೆಯದಕ್ಕೂ ಕೊಡುವಷ್ಟು ಹಣ ಜೇಬಿನಲ್ಲಿರಲಿಲ್ಲ. ಸುಮಾರು 50 ಪೌಂಡಿನ ಆ ಒಂದೇ ಗೆಡ್ಡೆಯನ್ನು ಕದ್ದುಮುಚ್ಚಿ ಗಡಿ ದಾಟಿಸಿದರು. ಪೆನ್ಸಿಲ್ವೇನಿಯಾದಲ್ಲಿ ಕೊಯ್ದು ಪರೀಕ್ಷಿಸಿದರೆ ಒಳಗೆ ಬೇಕಾದಷ್ಟು ಡಯಾಸ್ಜೆನಿನ್. ನನಗೆ ಈ ಕಥೆಯಲ್ಲಿ ಹಿಡಿಸುವುದು ಆ ಅಂಗಡಿಯವನು. ಯಾವ ಗೆಡ್ಡೆ, ಎಲ್ಲಿ ಅಗೆಯಬೇಕು ಎಂಬುದು ಅವನಿಗೆ ಒಂದೇ ರಾತ್ರಿಯ ಕೆಲಸ. ಪಂಡಿತರು ಪುಸ್ತಕದಲ್ಲಿ ಚಿತ್ರವಾಗಿ ಕಂಡದ್ದು ಅಲ್ಲಿನ ಜನಕ್ಕೆ ಹಿತ್ತಿಲ ಗಿಡ. ಹೊಳೆಯಲ್ಲಿ ಮೀನು ಮತ್ತು ಬರಿಸಿ ಹಿಡಿಯಲು ಅವರು ಇಂಥ ಬೇರುಗಳನ್ನು ಹಿಂದಿನಿಂದ ಬಳಸುತ್ತಿದ್ದರು.

ತಮ್ಮ ಸಂಶೋಧನೆಗೆ ಹಣ ಕೊಡುತ್ತಿದ್ದ ಔಷಧ ಕಂಪನಿಗೆ ಮಾರ್ಕರ್ ವಿಷಯ ತಿಳಿಸಿದರು. ಮೆಕ್ಸಿಕೋದಲ್ಲಿ ಕಾರ್ಖಾನೆಯೇ, ಆಗುವ ಮಾತಲ್ಲ ಎಂದರು ಕಂಪನಿಯವರು. ಸರಿ, ಮಾರ್ಕರ್ ಬ್ಯಾಂಕಿನಲ್ಲಿದ್ದ ಉಳಿತಾಯದ ಅರ್ಧ ಹಣ ತೆಗೆದುಕೊಂಡು ಮತ್ತೆ ವೆರಾಕ್ರೂಸಿಗೆ ಹೋದರು. ಹಳ್ಳಿಯವರಿಂದ ಸುಮಾರು 10 ಟನ್ ಗೆಡ್ಡೆ ಅಗೆಸಿ, ಕೊಚ್ಚಿಸಿ, ಒಣಗಿಸಿ, ಸಾರ ಇಳಿಸಿ, 3 ಕಿಲೋ ಪ್ರೊಜೆಸ್ಟೆರೋನ್ ಮಾಡಿದರು. ಗ್ರಾಂಗೆ 80 ಡಾಲರಿನ ಕಾಲದಲ್ಲಿ ಮೂರು ಕಿಲೋ! ಜಗತ್ತಿನಲ್ಲಿ ಅಷ್ಟು ಪ್ರೊಜೆಸ್ಟೆರೋನನ್ನು ಒಟ್ಟಿಗೆ ಯಾರೂ ಕಂಡಿರಲಿಲ್ಲ. ಮೆಕ್ಸಿಕೋ ನಗರದ ದೂರವಾಣಿ ಡೈರೆಕ್ಟರಿ ತಿರುವಿ, ಹಾರ್ಮೋನಿನ ವ್ಯಾಪಾರ ಮಾಡುತ್ತಿದ್ದ ಒಂದು ಸಣ್ಣ ಸಂಸ್ಥೆ ಹುಡುಕಿ, ಅದರ ಒಡೆಯರಾದ ಎಮೆರಿಕ್ ಸೊಮ್ಲೊ, ಫೆಡೆರಿಕೊ ಲೆಹ್ಮಾನ್ ಜೊತೆ 1944ರಲ್ಲಿ ಸಿಂಟೆಕ್ಸ್ ಎಂಬ ಕಂಪನಿ ಕಟ್ಟಿದರು.

ಒಂದು ವರ್ಷ ದಾಟುವಷ್ಟರಲ್ಲಿ ಪಾಲಿನ ಹಣಕ್ಕೆ ಜಗಳ. 1945ರಲ್ಲಿ ಮಾರ್ಕರ್ ಎದ್ದು ಹೋದರು. ಹೋಗುವಾಗ ಗುಟ್ಟನ್ನೂ ಜೊತೆಗೇ ಒಯ್ದರು, ಏಕೆಂದರೆ ಪ್ರಯೋಗಶಾಲೆಯ ಬಾಟಲಿಗಳ ಮೇಲೆ ಅವರು ರಾಸಾಯನಿಕದ ಹೆಸರು ಬರೆದಿರಲಿಲ್ಲ, ತಮಗೆ ಮಾತ್ರ ತಿಳಿಯುವ ಸಂಕೇತ ಹಾಕಿದ್ದರು. ಕೆಲಸದವರಿಗೆ ಈ ಬಾಟಲಿಯದು ಇಷ್ಟು, ಆ ಬಾಟಲಿಯದು ಅಷ್ಟು ಎಂಬುದಷ್ಟೇ ಗೊತ್ತು. ಕಂಗಾಲಾದ ಕಂಪನಿ ಕ್ಯೂಬಾದಲ್ಲಿದ್ದ ಜಾರ್ಜ್ ರೋಸೆನ್‌ಕ್ರಾಂಜ್ ಎಂಬ ಹಂಗೇರಿಯ ತರುಣನನ್ನು ಕರೆಸಿತು. ಯುದ್ಧದ ದೆಸೆಯಿಂದ ದಾರಿಯಲ್ಲಿ ಹವಾನಾದಲ್ಲೇ ಸಿಕ್ಕಿಕೊಂಡಿದ್ದ ನಿರಾಶ್ರಿತ ಯಹೂದಿ ಅವರು. ಮುಂದೆ ಇಸ್ಪೀಟಿನ ಬ್ರಿಜ್ ಆಟದಲ್ಲಿ ಹೆಸರು ಮಾಡಿದವರು. ಎದುರಾಳಿಯ ಕೈಯಲ್ಲಿ ಏನಿದೆ ಎಂದು ಊಹಿಸುವ ಆ ಬುದ್ಧಿ ಇಲ್ಲೂ ಕೆಲಸಕ್ಕೆ ಬಂದಿರಬೇಕು. ಬಾಟಲಿಗಳ ಗುಟ್ಟನ್ನು ಒಡೆದು ಎರಡು ತಿಂಗಳೋ ಮೂರು ತಿಂಗಳೋ ಅನ್ನುವಷ್ಟರಲ್ಲಿ ಮತ್ತೆ ಪ್ರೊಜೆಸ್ಟೆರೋನ್ ಹರಿಯಿತು. ಮಾರ್ಕರ್ ಇನ್ನೊಂದು ಕಂಪನಿ ಮಾಡಿದರು. ಬಾರ್ಬಾಸ್ಕೊ ಎಂಬ, ಮೊದಲಿನದಕ್ಕಿಂತ ಹಲವು ಪಟ್ಟು ಹೆಚ್ಚು ಡಯಾಸ್ಜೆನಿನ್ ಇರುವ ಇನ್ನೊಂದು ಕಾಡುಗೆಣಸನ್ನು ಬಳಕೆಗೆ ತಂದರು. 1949ರಲ್ಲಿ, ಇನ್ನೂ 47ನೇ ವಯಸ್ಸಿನಲ್ಲಿ, ರಸಾಯನಶಾಸ್ತ್ರಕ್ಕೆ ಕೈಮುಗಿದು ಹಳೆಯ ಬೆಳ್ಳಿ ಪಾತ್ರೆಗಳ ಪ್ರತಿಕೃತಿ ಮಾಡಿಸುವ ಉದ್ಯೋಗಕ್ಕೆ ಇಳಿದರು. 1995ರವರೆಗೆ ಬದುಕಿದ್ದರು. ಹೀಗೂ ಇರುತ್ತಾರೆ ಮನುಷ್ಯರು.

ಅಷ್ಟರಲ್ಲಿ ಕಾರ್ಟಿಸೋನ್ ಬಂತು. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು 1948ರ ಸೆಪ್ಟೆಂಬರಿನಲ್ಲಿ, ಕೀಲುವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಹೆಣ್ಣುಮಗಳಿಗೆ ಈ ಸ್ಟೆರಾಯ್ಡನ್ನು ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದು ಪೇಟೆಗೆ ಹೋದಳು. 1950ರಲ್ಲಿ ಹೆಂಚ್, ಇದೇ ಹಾರ್ಮೋನುಗಳ ಮೇಲೆ ಕೆಲಸ ಮಾಡಿದ್ದ ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್. ಇಷ್ಟು ಬೇಗ ನೊಬೆಲ್ ಬರುವುದು ಅಪರೂಪ. ಆದರೆ ಆ ಔಷಧವನ್ನು ಮಾಡುತ್ತಿದ್ದದ್ದು ದನದ ಪಿತ್ತದಿಂದ, ಮೂವತ್ತಕ್ಕೂ ಹೆಚ್ಚು ಹೆಜ್ಜೆಗಳಲ್ಲಿ. ತೊಡಕೆಲ್ಲ ಒಂದೇ ಜಾಗದಲ್ಲಿತ್ತು. ರಸಾಯನಶಾಸ್ತ್ರಜ್ಞರು ಉಂಗುರಗಳ ಮೂಲೆಗಳಿಗೆ ಅಂಕಿ ಕೊಟ್ಟಿದ್ದಾರೆ. ಕಾರ್ಟಿಸೋನಿನಲ್ಲಿ 11ನೆಯ ಮೂಲೆಗೆ ಆಮ್ಲಜನಕ ಬೇಕು. ಗೆಣಸಿನ ಡಯಾಸ್ಜೆನಿನ್‌ನಲ್ಲಿ ಅಲ್ಲಿ ಏನೂ ಇಲ್ಲ, ಮುಟ್ಟಿಸಲು ಹಿಡಿಕೆಯೂ ಇಲ್ಲ. 1951ರಲ್ಲಿ ಸಿಂಟೆಕ್ಸಿನ ಹುಡುಗರು, ಹೌದು, ಬಹುಪಾಲು ಮೂವತ್ತರ ಒಳಗಿನವರೇ, ಹಾರ್ವರ್ಡಿನ ಘಟಾನುಘಟಿಗಳ ಜೊತೆ ಪೈಪೋಟಿಗೆ ಬಿದ್ದು ಗೆಣಸಿನಿಂದ ಕಾರ್ಟಿಸೋನ್ ಮಾಡಿಯೇ ಬಿಟ್ಟರು. ಆ ಗುಂಪಿನಲ್ಲಿ ವಿಯೆನ್ನಾದಿಂದ ಓಡಿಬಂದಿದ್ದ ಕಾರ್ಲ್ ಜೆರಾಸಿ ಇದ್ದರು. ಅಮೆರಿಕದ ಲೈಫ್ ಪತ್ರಿಕೆ ಅವರೆಲ್ಲರನ್ನೂ ಒಂದು ದೈತ್ಯ ಗೆಡ್ಡೆಯ ಸುತ್ತ ನಿಲ್ಲಿಸಿ ಚಿತ್ರ ಹಾಕಿತು.

ಆದರೆ ಅವರ ದಾರಿ ಕಾರ್ಖಾನೆಗೆ ಹತ್ತಲಿಲ್ಲ. ಅದಕ್ಕಿಂತ ಸುಲಭದ ದಾರಿ ಬೂಷ್ಟಿನಿಂದ ಬಂತು. ಅಪ್‌ಜಾನ್ ಕಂಪನಿಯ ಪೀಟರ್ಸನ್ ಮತ್ತು ಮರ್ರೆ ಎಂಬ ಇಬ್ಬರು, ಹಳಸಿದ ಬ್ರೆಡ್ಡಿನ ಮೇಲೆ ಬೆಳೆಯುವ ರೈಜೋಪಸ್ ಜಾತಿಯ ಬೂಷ್ಟಿಗೆ ಪ್ರೊಜೆಸ್ಟೆರೋನ್ ಹಾಕಿ ನೋಡಿದರು. ಮನುಷ್ಯ ಹತ್ತಾರು ಹೆಜ್ಜೆಗಳಲ್ಲಿ ಏದುಸಿರು ಬಿಟ್ಟು ಮಾಡುತ್ತಿದ್ದ ಕೆಲಸವನ್ನು, ಅಂದರೆ 11ನೆಯ ಮೂಲೆಗೆ ಆಮ್ಲಜನಕ ಕೂರಿಸುವುದನ್ನು, ಆ ಬೂಷ್ಟು ಒಂದೇ ಏಟಿಗೆ ಮಾಡಿತು. 1952ರಲ್ಲಿ ಸುದ್ದಿ ಹೊರಬಿತ್ತು. ಅಪ್‌ಜಾನಿನವರು ಸಿಂಟೆಕ್ಸಿಗೆ ಪತ್ರ ಬರೆದು 10 ಟನ್ ಪ್ರೊಜೆಸ್ಟೆರೋನ್ ಬೇಕು ಎಂದರು. ಬುಟೆನಾಂಟರ 20 ಮಿಲಿಗ್ರಾಂ ಆಗಿ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಗ್ರಾಂಗೆ 200 ಡಾಲರ್ ಇದ್ದ ಕಾರ್ಟಿಸೋನ್ ಕೆಲವೇ ವರ್ಷಗಳಲ್ಲಿ ಸಾಮಾನ್ಯರ ಕೈಗೆಟುಕಿತು. ಸ್ವಲ್ಪ ದಿನಕ್ಕೆ ಇನ್ನೊಂದು ಸೂಕ್ಷ್ಮಾಣುವಿನಿಂದ ಪ್ರೆಡ್ನಿಸೋಲೋನ್ ಮಾಡಿದರು. ಗಿಡ, ಆಮ್ಲ, ಬೂಷ್ಟು, ಮೂರೂ ಸೇರಿದರೇ ಮಾತ್ರೆ. ಇದರಲ್ಲಿ ಯಾವುದನ್ನು ನೈಸರ್ಗಿಕ ಎನ್ನುವುದು, ಯಾವುದನ್ನು ಕೃತಕ ಎನ್ನುವುದು? ನನಗೆ ಆ ಗೆರೆ ಎಳೆಯಲು ಬರುವುದಿಲ್ಲ.

ಮಾರ್ಕರ್ ಗಿಡ ಹುಡುಕುತ್ತಿದ್ದ ಹೊತ್ತಿಗೇ ಶಿಕಾಗೋದಲ್ಲಿ ಇನ್ನೊಬ್ಬರು ಬೇರೊಂದು ಗಿಡದಿಂದ ಅದೇ ಗುರಿ ಮುಟ್ಟುತ್ತಿದ್ದರು. ಅವರ ಹೆಸರು ಪರ್ಸಿ ಜೂಲಿಯನ್. ಅಮೆರಿಕದ ದಕ್ಷಿಣದಲ್ಲಿ ಗುಲಾಮರಾಗಿದ್ದವರ ಮೊಮ್ಮಗ. ತಮ್ಮ ದೇಶದಲ್ಲಿ ಅವಕಾಶ ಸಿಗದೆ ವಿಯೆನ್ನಾಕ್ಕೆ ಹೋಗಿ ಡಾಕ್ಟರೇಟ್ ಪಡೆದು ಬಂದವರು. ಕಪ್ಪು ಜನಾಂಗದವರೆಂದು ಕಾಲೇಜುಗಳು ಪ್ರಾಧ್ಯಾಪಕರ ಕೆಲಸ ಕೊಡಲಿಲ್ಲ. ಗ್ಲಿಡನ್ ಎಂಬ ಬಣ್ಣದ ಕಂಪನಿಯ ಸೋಯಾ ವಿಭಾಗಕ್ಕೆ ಸೇರಿದರು. ಒಂದು ದಿನ ಸೋಯಾ ಎಣ್ಣೆಯ ಭಾರಿ ಟ್ಯಾಂಕಿಗೆ ನೀರು ಸೋರಿ, ಎಣ್ಣೆಯೆಲ್ಲ ಕೆಟ್ಟಿತು, ತಳದಲ್ಲಿ ಬಿಳಿಯ ಗಸಿ ನಿಂತಿದೆ ಎಂದು ದೂರು ಬಂತು. ಬೇರೆಯವರಾಗಿದ್ದರೆ ಟ್ಯಾಂಕು ತೊಳೆಸುತ್ತಿದ್ದರು. ಜೂಲಿಯನ್ ಆ ಬಿಳಿ ಗಸಿಯನ್ನು ಬೇರೊಂದು ಬೀಜದ ಎಣ್ಣೆಯಲ್ಲಿ ಹಿಂದೆ ಕಂಡಿದ್ದರು: ಸ್ಟಿಗ್‌ಮಾಸ್ಟೆರಾಲ್, ಗಿಡಗಳ ಕೊಲೆಸ್ಟರಾಲ್ ಎನ್ನಬಹುದಾದ ವಸ್ತು. ಅದೇ ನಾಲ್ಕು ಉಂಗುರ. 1940ರ ಹೊತ್ತಿಗೆ ಅವರು ಅದರಿಂದ ಪ್ರೊಜೆಸ್ಟೆರೋನ್ ಮಾಡಿ ಮಾರಾಟಕ್ಕೂ ಕಳಿಸಿದರು. ಹತ್ತು ವರ್ಷದ ಮೇಲೆ ಓಕ್ ಪಾರ್ಕ್ ಎಂಬ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡಾಗ, ಒಕ್ಕಲಾಗುವ ಮೊದಲೇ ಕಿಡಿಗೇಡಿಗಳು ಆ ಮನೆಗೆ ಬೆಂಕಿ ಇಡಲು ನೋಡಿದರು. ಮರುವರ್ಷ ಡೈನಮೈಟ್ ಎಸೆದರು. ಆತ ಮನೆ ಬಿಡಲಿಲ್ಲ. ರಾತ್ರಿ ಮರದ ಮೇಲೆ ಕೂತು ಮಗನ ಜೊತೆ ಕಾವಲು ಕಾದರು.

ನೊರೆಥಿಸ್ಟೆರೋನಿನ ವಿಷಯ ಹೇಳುವುದು ಉಳಿಯಿತು. ಪ್ರೊಜೆಸ್ಟೆರೋನನ್ನು ಬಾಯಿಂದ ನುಂಗಿದರೆ ಯಕೃತ್ತು ಅದನ್ನು ಬಹುಮಟ್ಟಿಗೆ ಒಡೆದುಹಾಕುತ್ತದೆ, ಹಾಗಾಗಿ ಆಗ ಸೂಜಿಯೇ ಗತಿ. ಎರಡು ಸುಳಿವುಗಳು ಮೊದಲೇ ಇದ್ದವು. ಚೌಕಟ್ಟಿಗೆ ಒಂದು ಕಡೆ ಇಂಗಾಲದ ಸಣ್ಣ ಜೋಡಿ ಸೇರಿಸಿದರೆ ಯಕೃತ್ತಿಗೆ ಬೇಗ ಬಗ್ಗುವುದಿಲ್ಲ ಎಂದು ಜರ್ಮನರು ಕಂಡಿದ್ದರು. ಉಂಗುರಗಳ ಹೊರಗೆ ಅಂಟಿಕೊಂಡ 19ನೆಯ ಇಂಗಾಲವನ್ನು ಕಿತ್ತರೆ ಕಸುವು ಹೆಚ್ಚುತ್ತದೆ ಎಂದು ಇನ್ನೊಬ್ಬರು ಕಂಡಿದ್ದರು. ಎರಡನ್ನೂ ಒಂದೇ ಅಣುವಿನಲ್ಲಿ ಕೂಡಿಸಿದ್ದು ಸಿಂಟೆಕ್ಸ್. ಆ ಅಣುವೇ ನೊರೆಥಿಸ್ಟೆರೋನ್. 1951ರ ಅಕ್ಟೋಬರ್ 15ರಂದು ಲೂಯಿಸ್ ಮಿರಾಮೊಂಟೆಸ್ ಎಂಬ 26 ವರ್ಷದ ಮೆಕ್ಸಿಕೋದ ವಿದ್ಯಾರ್ಥಿ ತನ್ನ ಪ್ರಯೋಗದ ಪುಸ್ತಕದಲ್ಲಿ ಆ ಕೊನೆಯ ಹೆಜ್ಜೆಯನ್ನು ಬರೆದುಕೊಂಡ. ಆಗ ಅವರ ಮನಸ್ಸಿನಲ್ಲಿದ್ದದ್ದು ಮುಟ್ಟಿನ ತೊಂದರೆ, ಗರ್ಭ ಇಳಿಯುವ ತೊಂದರೆಗಳಿಗೆ ಮದ್ದು. ಅದು ಸಂತಾನ ತಡೆಯುವ ಮಾತ್ರೆಯ ಮೂಲವಾಗುತ್ತದೆಂದು ಅವರೂ ಎಣಿಸಿರಲಿಲ್ಲ. ಅಂಥ ಮೊದಲ ಮಾತ್ರೆಗೆ ಅಮೆರಿಕ ಒಪ್ಪಿಗೆ ಕೊಟ್ಟದ್ದು 1960ರಲ್ಲಿ. ಅದರಲ್ಲಿದ್ದದ್ದು ಸರ್ಲ್ ಕಂಪನಿ ಮಾಡಿದ, ಇದಕ್ಕೆ ತೀರ ಹತ್ತಿರದ ಇನ್ನೊಂದು ಅಣು.

ಇನ್ನು ಗೆಡ್ಡೆ ಅಗೆದವರ ವಿಷಯ. ವೆರಾಕ್ರೂಸ್, ಓಹಾಕಾ, ಚಿಯಾಪಾಸ್, ತಬಾಸ್ಕೊ ಪ್ರಾಂತಗಳ ಕಾಡಂಚಿನ ಸಾವಿರಾರು ಬಡ ರೈತ ಕುಟುಂಬಗಳು ಮುಂಜಾನೆ ಕತ್ತಿ, ಗುದ್ದಲಿ ಹಿಡಿದು ಬಾರ್ಬಾಸ್ಕೊ ಅಗೆಯಲು ಹೋಗುತ್ತಿದ್ದವು. ಬಳ್ಳಿಯ ಎಲೆ ನೋಡಿ ಗುರುತು ಹಿಡಿಯಬೇಕು, ಹಾವಿರುವ ಪೊದೆಯಲ್ಲಿ ಬಗ್ಗಿ ಅಗೆಯಬೇಕು, ರಸ ತಾಗಿದರೆ ಮೈ ತುರಿಕೆ. ತಂದದ್ದನ್ನು ಊರಿನ ದಳ್ಳಾಳಿ ತೂಗಿ ಪುಡಿಗಾಸು ಕೊಡುತ್ತಿದ್ದ. ಕೊಚ್ಚಿ, ರಾಶಿ ಹಾಕಿ ಹುಳಿ ಬರಿಸಿ, ಸಿಮೆಂಟಿನ ಕಣದಲ್ಲಿ ಒಣಗಿಸಿ, ಹಿಟ್ಟು ಮಾಡಿ ಕಾರ್ಖಾನೆಗೆ ಕಳಿಸುವುದು. ಹದವಾಗಿ ಹುಳಿ ಬಂದರೆ ಡಯಾಸ್ಜೆನಿನ್ ಹೆಚ್ಚು. ಎಷ್ಟು ದಿನ ಇಟ್ಟರೆ ಸರಿ ಎಂಬುದನ್ನು ವಾಸನೆಯಿಂದ ಹೇಳಬಲ್ಲ ಜನ ಅಲ್ಲಿ ತಯಾರಾದರು. ಗೇಬ್ರಿಯೇಲಾ ಸೋಟೊ ಲವೆಯಾಗಾ ಎಂಬ ಇತಿಹಾಸಕಾರ್ತಿ ಇವರ ಬಗ್ಗೆ ಒಂದು ಒಳ್ಳೆಯ ಪುಸ್ತಕವನ್ನೇ ಬರೆದಿದ್ದಾರೆ. ಈ ಬೇರು ಕೊನೆಗೆ ಏನಾಗುತ್ತದೆ ಎಂಬುದು ಅಗೆಯುವವರಲ್ಲಿ ಬಹಳ ಮಂದಿಗೆ ತಿಳಿದಿರಲಿಲ್ಲ. 1975ರಲ್ಲಿ ಅಧ್ಯಕ್ಷ ಲೂಯಿಸ್ ಎಚೆವೆರ್ರಿಯಾ ಸರ್ಕಾರ ಪ್ರೊಕ್ವಿವೆಮೆಕ್ಸ್ ಎಂಬ ಸರ್ಕಾರಿ ಕಂಪನಿ ಕಟ್ಟಿ, ಬೇರಿನ ಬೆಲೆ ಏರಿಸಿ, ವಿದೇಶಿ ಕಂಪನಿಗಳು ಇನ್ನು ನಮ್ಮ ಮೂಲಕವೇ ಕೊಳ್ಳಬೇಕು ಎಂದಿತು. ನ್ಯಾಯದ ಮಾತೇ. ಆದರೆ ಆ ಹೊತ್ತಿಗೆ ತಡವಾಗಿತ್ತು. ಸೋಯಾ ಎಣ್ಣೆ ಶುದ್ಧೀಕರಿಸುವಾಗ ಉಳಿಯುವ ಸಿಟೋಸ್ಟೆರಾಲನ್ನು ಮೈಕೊಬ್ಯಾಕ್ಟೀರಿಯಂ ಜಾತಿಯ ಬ್ಯಾಕ್ಟೀರಿಯಕ್ಕೆ ಉಣಿಸಿ, ಅದರಿಂದಲೇ ಬಾಲ ಕತ್ತರಿಸುವ ವಿದ್ಯೆ ಕಂಪನಿಗಳಿಗೆ ಅದೇ ದಶಕದಲ್ಲಿ ಸಿದ್ಧಿಸಿತ್ತು. ಗೆಡ್ಡೆಯ ಬೆಲೆ ಏರಿದಂತೆ ಅವು ಬೇರೆ ಕಡೆ ಮುಖ ತಿರುಗಿಸಿದವು. ಅಗೆಯುವವರ ಕೈಯಲ್ಲಿ ಗುದ್ದಲಿ ಉಳಿಯಿತು.

ಚೀನಾ ಮಾತ್ರ ತನ್ನದೇ ಕಾಡುಗೆಣಸನ್ನು ನೆಚ್ಚಿ ಬಹಳ ವರ್ಷ ನಡೆಸಿತು. ಹಳದಿ ಬಣ್ಣದ ಆ ಗೆಡ್ಡೆಯನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿ ಬಿಟ್ಟ ನೀರು ಹಳ್ಳಹೊಳೆಗಳಿಗೆ ಸೇರಿ, ಬೀಜಿಂಗಿಗೆ ನೀರು ಒಯ್ಯುವ ದಾನ್‌ಜಿಯಾಂಗ್‌ಕೌ ಜಲಾಶಯದ ಮೇಲ್ಭಾಗದಲ್ಲಿ ಗಲಾಟೆಯೆದ್ದು ಅನೇಕ ಕಾರ್ಖಾನೆಗಳನ್ನು ಮುಚ್ಚಿಸಬೇಕಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಮ್ಮ ಅಡುಗೆಮನೆಯ ಮೆಂತ್ಯದಲ್ಲೂ ಡಯಾಸ್ಜೆನಿನ್ ಇದೆ, ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಮಲೆನಾಡಿನ ತೋಡುಗಳ ಬದಿಯಲ್ಲಿ ಬಿಳಿ ಹೂ ಬಿಡುವ ಚಂಗಲಕೋಷ್ಟದ ಗೆಡ್ಡೆಯಲ್ಲೂ ಇದೆ. ಇದನ್ನೇ ಹಿಡಿದುಕೊಂಡು, ಕಾಡುಗೆಣಸಿನ ಸಾರ ತಿಂದರೆ, ಹಚ್ಚಿಕೊಂಡರೆ ಮೈಯಲ್ಲಿ ಪ್ರೊಜೆಸ್ಟೆರೋನ್ ತಾನಾಗಿ ಹುಟ್ಟುತ್ತದೆ, ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗೆಲ್ಲ ಇದೇ ರಾಮಬಾಣ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿ ಮಾರುವವರಿದ್ದಾರೆ. ಅದು ಸುಳ್ಳು. ಡಯಾಸ್ಜೆನಿನ್‌ನ ಬಾಲ ಕಡಿಯಲು ಬೇಕಾದ ಕಿಣ್ವ ನಮ್ಮ ಮೈಯಲ್ಲಿಲ್ಲ. ಕ್ರೋಮಿಕ್ ಆಮ್ಲದ ಕೆಲಸವನ್ನು ಹೊಟ್ಟೆ ಮಾಡುವುದಿಲ್ಲ. ಮೆಂತ್ಯದಿಂದ ಬೇರೆ ಉಪಕಾರಗಳಿರಬಹುದು, ನಾನೂ ದಿನಾ ತಿನ್ನುತ್ತೇನೆ, ಆದರೆ ಅದು ಹಾರ್ಮೋನಿನ ಮಾತ್ರೆಯಲ್ಲ. ಇದಕ್ಕೆ ಎದುರಿನ ತಪ್ಪೂ ಒಂದಿದೆ. ಸ್ಟೆರಾಯ್ಡ್ ಕೆಟ್ಟದ್ದಂತೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದ ಪ್ರೆಡ್ನಿಸೋಲೋನನ್ನು ಥಟ್ಟನೆ ನಿಲ್ಲಿಸುವವರು. ಮಾತ್ರೆ ಬರುತ್ತಿರುವಷ್ಟು ದಿನ ಮೈ ತನ್ನದೇ ಸ್ಟೆರಾಯ್ಡ್ ಮಾಡುವುದನ್ನು ಮರೆತಿರುತ್ತದೆ. ಒಮ್ಮೆಗೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸಬೇಕು.

ನಮ್ಮ ದೇಶದಲ್ಲಿ ಏನಾಯಿತು ಎಂದು ಕೇಳಬಹುದು. ಕಾಶ್ಮೀರ, ಹಿಮಾಚಲದ ಬೆಟ್ಟಗಳಲ್ಲಿ ಡಯಾಸ್ಕೋರಿಯಾ ಡೆಲ್ಟಾಯ್ಡಿಯಾ ಎಂಬ ಕಾಡುಗೆಣಸು, ಡಾರ್ಜಿಲಿಂಗಿನ ಕಡೆ ಡಯಾಸ್ಕೋರಿಯಾ ಪ್ರಜೇರಿ ಎಂಬ ಇನ್ನೊಂದು. ಎರಡರಲ್ಲೂ ಡಯಾಸ್ಜೆನಿನ್ ಇದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಔಷಧಗಳನ್ನು ನಾವೇ ಮಾಡಿಕೊಳ್ಳಬೇಕೆಂಬ ಹುಮ್ಮಸ್ಸಿನಲ್ಲಿ ಇವುಗಳನ್ನು ಅಗೆದೆವು. ಹಿಮಾಲಯದ ಗೆಡ್ಡೆ ಬಲಿಯಲು ವರ್ಷಗಟ್ಟಲೆ ಬೇಕು, ಅಗೆಯಲು ಒಂದು ಗಳಿಗೆ ಸಾಕು. ಡೆಲ್ಟಾಯ್ಡಿಯಾ ಎಷ್ಟು ಬರಿದಾಯಿತೆಂದರೆ, ಈಗ ಅದು ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ.

ಕಾಡು ಬರಿದು ಮಾಡುವುದಕ್ಕಿಂತ ಹೊಲದಲ್ಲಿ ಬೆಳೆಯೋಣ ಎಂದು ಹೊರಟವರಲ್ಲಿ ನಮ್ಮ ಬೆಂಗಳೂರಿನ ಹತ್ತಿರದ ಹೆಸರಘಟ್ಟದವರೂ ಇದ್ದರು. ಅಲ್ಲಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮಧ್ಯ ಅಮೆರಿಕದಿಂದ ಬಂದ ಡಯಾಸ್ಕೋರಿಯಾ ಫ್ಲೋರಿಬಂಡಾ ಎಂಬ ಕಾಡುಗೆಣಸನ್ನು ನಮ್ಮ ಹವೆಗೆ ಒಗ್ಗಿಸಿ, ಆರಿಸಿ, ಅರ್ಕಾ ಉಪಕಾರ್ ಎಂಬ ತಳಿ ಬಿಡುಗಡೆ ಮಾಡಿದರು. ಒಣ ಗೆಡ್ಡೆಯಲ್ಲಿ ಶೇ. 3ರ ಮೇಲೆ ಡಯಾಸ್ಜೆನಿನ್ ಕೊಡುವ ತಳಿ. ಅದರ ಜೊತೆಗೆ ಸೊಲಾನಂ ವಯಾರಂ ಎಂಬ, ನಮ್ಮ ಬದನೆ, ಗುಳ್ಳದ ಬಂಧುವಾದ ಮುಳ್ಳುಗಿಡ. ಇದರ ಕಾಯಿಯಲ್ಲಿ, ಬೀಜದ ಸುತ್ತಲಿನ ಲೋಳೆಯಲ್ಲಿ, ಸೊಲಾಸೊಡಿನ್ ಎಂಬ ವಸ್ತುವಿದೆ. ಡಯಾಸ್ಜೆನಿನ್‌ನಲ್ಲಿ ಒಂದು ಆಮ್ಲಜನಕ ಇರುವ ಕಡೆ ಇದರಲ್ಲಿ ಸಾರಜನಕ, ಉಳಿದಂತೆ ಅಣ್ಣತಮ್ಮಂದಿರು. ಕಾಯಿ ಹಸಿರಿನಿಂದ ಹಳದಿಗೆ ತಿರುಗುವ ಹೊತ್ತಿನಲ್ಲೇ ಬಿಡಿಸಬೇಕು. ತೀರ ಹಣ್ಣಾದರೆ ಸಾರ ಇಳಿಯುತ್ತದೆ. ಬಿಡಿಸುವವರ ಕೈಗೆಲ್ಲ ಮುಳ್ಳು. ಅದಕ್ಕಾಗಿಯೇ ಮುಳ್ಳು ಕಡಿಮೆಯ ಗಿಡಗಳನ್ನು ಹುಡುಕಿ, ಅರ್ಕಾ ಸಂಜೀವಿನಿ, ಅರ್ಕಾ ಮಹಿಮಾ ಎಂಬ ತಳಿಗಳನ್ನು ಹೆಸರಘಟ್ಟದಲ್ಲೇ ತೆಗೆದರು. ಇದು ಆರೇಳು ತಿಂಗಳ ಬೆಳೆ, ಗೆಣಸು ಹಾಗಲ್ಲ.

ಗೆಣಸಿನ ಬಳ್ಳಿಗೆ ಊರುಗೋಲು ಕಟ್ಟಬೇಕು, ನೀರು ಕೊಡಬೇಕು, ಕಳೆ ಕೀಳಬೇಕು, ಎರಡು ವರ್ಷ ಕಾಯಬೇಕು. ಮೊದಲ ವರ್ಷಕ್ಕಿಂತ ಎರಡನೆಯ ವರ್ಷದ ಗೆಡ್ಡೆಯಲ್ಲಿ ಸಾರ ಹೆಚ್ಚಾದ್ದರಿಂದ ಅವಸರ ಪಟ್ಟು ಅಗೆದರೆ ನಷ್ಟ. ಕರ್ನಾಟಕದಲ್ಲೂ, ಗೋವಾದಲ್ಲೂ, ಅಸ್ಸಾಮಿನಲ್ಲೂ ಅದನ್ನು ಬೆಳೆದು ನೋಡಿದರು. ಆದರೆ ಅಷ್ಟರಲ್ಲಿ ಹೊರಗಿನಿಂದ ಅಗ್ಗದ ಕಚ್ಚಾವಸ್ತು ಬರತೊಡಗಿತ್ತು, ಸೋಯಾದ ದಾರಿ ಗಟ್ಟಿಯಾಗಿತ್ತು. ತೊಗರಿಯ ಬೆಲೆ ಬಿದ್ದರೆ ಮನೆಯ ಸಾರಿಗಾದರೂ ಆಗುತ್ತದೆ, ಆಲೂಗಡ್ಡೆಗೆ ಗಿರಾಕಿ ಇಲ್ಲದಿದ್ದರೆ ಸಂತೆಗೆ ಒಯ್ಯಬಹುದು. ಈ ಗೆಣಸು ಬಾಯಿಗಿಟ್ಟರೆ ಕಹಿ, ಬೇಯಿಸಿ ತಿನ್ನುವಂಥದ್ದಲ್ಲ. ಎರಡು ವರ್ಷ ಸಾಕಿದ ಮೇಲೆ ಅದನ್ನು ಕೊಳ್ಳಬಲ್ಲ ಗಿರಾಕಿ ಔಷಧದ ಕಾರ್ಖಾನೆ ಒಂದೇ, ಬೆಲೆ ಹೇಳುವವನೂ ಅವನೇ.